ಹಿಮಚಿರತೆ: ಎತ್ತರದ ನಾಡಿನ ಬೇಟೆಗಾರ

ಈಸೂರು, ಶಿಕಾರಿಪುರ, ಸೊರಬಗಳ ಕಡೆಯವರಿಗೆ ಚಿರತೆ ಹೊಸ ಪ್ರಾಣಿಯೇನೂ ಅಲ್ಲ. ಕಾಡಂಚಿನ ಊರುಗಳಲ್ಲಿ ಅದು ನಾಯಿಯನ್ನೋ ಕರುವನ್ನೋ ಹೊತ್ತೊಯ್ದ ಸುದ್ದಿಯನ್ನು ನಾವು ಆಗಾಗ ಕೇಳುತ್ತೇವೆ. ಇದರ ದಾಯಾದಿಯೊಂದು ಹಿಮಾಲಯದ ಬಂಡೆಗಳ ನಡುವೆ ವಾಸಿಸುತ್ತದೆ. ಅದೇ ಹಿಮಚಿರತೆ. ಹೆಸರು ಚಿರತೆಯದಾದರೂ, ವಂಶವಾಹಿಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು ಇದನ್ನು ಹುಲಿಗೇ ಹೆಚ್ಚು ಹತ್ತಿರದ ಬಂಧುವೆಂದು ಕಂಡುಕೊಂಡಿದ್ದಾರೆ. ಆದರೆ ಹುಲಿಯಂತೆ ಇದು ಗರ್ಜಿಸಲಾರದು.

ನಮ್ಮ ಮಲೆನಾಡಿನ ಅಂಚು ಸಮುದ್ರಮಟ್ಟದಿಂದ ಸುಮಾರು 600 ಮೀಟರು ಎತ್ತರದಲ್ಲಿದೆ. ಹಿಮಚಿರತೆಯಾದರೋ ಹಿಮಾಲಯದಲ್ಲಿ ಸಾಮಾನ್ಯವಾಗಿ 3000 ಮೀಟರಿಗಿಂತ ಮೇಲೆಯೇ ನೆಲೆಸುತ್ತದೆ. ಅಲ್ಲಿಯ ಕಡು ಚಳಿಗೆ ತಕ್ಕಂತೆ ಅದರ ಮೈಮೇಲೆ ದಟ್ಟವಾದ ತುಪ್ಪಳವಿದೆ. ಕಿವಿಗಳು ಚಿಕ್ಕವಾಗಿರುವುದರಿಂದ ಮೈಶಾಖ ಹೆಚ್ಚು ಸೋರಿಹೋಗುವುದಿಲ್ಲ. ಮೂಗಿನ ಒಳಗುಳಿ ವಿಶಾಲವಾಗಿದ್ದು, ಒಳಸೇರುವ ಗಾಳಿಯನ್ನು ಬೆಚ್ಚಗಾಗಿಸುತ್ತದೆ. ಅಗಲವಾದ ಪಾದಗಳು ಹಿಮದಲ್ಲಿ ಹುದುಗದಂತೆ ತಡೆಯುತ್ತವೆ. ಹೆಚ್ಚುಕಡಿಮೆ ಒಂದು ಮೀಟರು ಉದ್ದದ ಬಾಲವು ಕಡಿದಾದ ಬಂಡೆಗಳ ಮೇಲೆ ಸಮತೋಲ ಕೊಡುತ್ತದೆ. ಮಲಗುವಾಗ ಮುಖಕ್ಕೆ ಹೊದಿಕೆಯೂ ಆಗುತ್ತದೆ.

ಚಳಿಯ ಮಾತು ಹಾಗಿರಲಿ, ತೆಳುವಾದ ಗಾಳಿಯ ಗತಿಯೇನು? 4500 ಮೀಟರು ಎತ್ತರದಲ್ಲಿ ಒಂದೊಂದು ಉಸಿರಿಗೂ ದೊರೆಯುವ ಆಮ್ಲಜನಕವು ಕರಾವಳಿಯಲ್ಲಿ ದೊರೆಯುವುದರ ಐದರಲ್ಲಿ ಸುಮಾರು ಮೂರು ಪಾಲು ಮಾತ್ರ. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆಯ ಹೆಬ್ಬಾತು ಹಿಮಾಲಯವನ್ನು ದಾಟಬಲ್ಲ ಹಕ್ಕಿ. ಅದರ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಹು ಬಲವಾಗಿ ಹಿಡಿದುಕೊಳ್ಳುತ್ತದೆ. ಹಿಮಚಿರತೆಯಲ್ಲಿಯೂ ಇಂಥ ಏರ್ಪಾಡು ಇರಬೇಕೆಂದು ನಾವು ಊಹಿಸುವುದು ಸಹಜ. ಆದರೆ 2015ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಈ ವಿಷಯದಲ್ಲಿ ಅದರ ಹಿಮೋಗ್ಲೋಬಿನ್ ನಮ್ಮ ಮನೆಯ ಬೆಕ್ಕಿನದಕ್ಕಿಂತ ಮೇಲಲ್ಲವೆಂದು ತೋರಿಸಿತು. ಉಸಿರಾಟವನ್ನು ಹೆಚ್ಚಿಸಿಕೊಂಡೇ ಅದು ಈ ಕೊರತೆಯನ್ನು ನೀಗಿಕೊಳ್ಳುವಂತೆ ತೋರುತ್ತದೆ.

ಚಳಿಯನ್ನೂ ತೆಳುಗಾಳಿಯನ್ನೂ ಗೆದ್ದ ಈ ಪ್ರಾಣಿಯು ಹಸಿವನ್ನು ಮಾತ್ರ ಗೆಲ್ಲಲಾರದು. ಭರಲ್ ಎಂಬ ಕಾಡುಕುರಿ, ಐಬೆಕ್ಸ್ ಎಂಬ ಕಾಡುಮೇಕೆಗಳೇ ಅದರ ಮುಖ್ಯ ಆಹಾರ. ಇರುವ ಅಲ್ಪ ಹುಲ್ಲನ್ನು ಸಾಕುಪ್ರಾಣಿಗಳು ಮೇಯ್ದು ಮುಗಿಸಿದರೆ ಕಾಡುಕುರಿಗಳು ಕಡಮೆಯಾಗುತ್ತವೆ. ಆಗ ಹಿಮಚಿರತೆ ದೊಡ್ಡಿಗೆ ನುಗ್ಗುತ್ತದೆ. ನಷ್ಟಕ್ಕೊಳಗಾದ ಕುರುಬನು ಅದನ್ನು ಕೊಲ್ಲಲು ಮುಂದಾಗುತ್ತಾನೆ.

ಈ ಸರಪಳಿಯನ್ನು ಕಡಿಯುವ ಪ್ರಯತ್ನದಲ್ಲಿ ಕರ್ನಾಟಕದ ಪಾತ್ರವೂ ಉಂಟು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯ ವಿಜ್ಞಾನಿಗಳು ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯ ಕಿಬ್ಬರ್ ಗ್ರಾಮದವರೊಡನೆ ಸೇರಿ, 1998ರಲ್ಲಿ ಗೋಮಾಳದ ಒಂದು ಭಾಗವನ್ನು ಕಾಡುಕುರಿಗಳಿಗಾಗಿ ಮೀಸಲಿಟ್ಟರು. 2002ರಲ್ಲಿ ಜಾನುವಾರು ವಿಮೆಯನ್ನೂ ಆರಂಭಿಸಿದರು. ಮೀಸಲು ನೆಲದಲ್ಲಿ ಭರಲ್‌ಗಳ ಸಂಖ್ಯೆ ಹೆಚ್ಚಿತು.

2019ರಿಂದ 2023ರವರೆಗೆ ನಡೆದ ದೇಶದ ಮೊದಲ ಹಿಮಚಿರತೆ ಗಣತಿಯಲ್ಲಿ ಈ ಸಂಸ್ಥೆಯೂ ಭಾಗವಹಿಸಿತ್ತು. ಆ ಗಣತಿಯಂತೆ ಭಾರತದಲ್ಲಿ 718 ಹಿಮಚಿರತೆಗಳಿವೆ. ಅವುಗಳಲ್ಲಿ 477 ಲಡಾಖಿನಲ್ಲಿವೆ. ನಿಸರ್ಗವು ಈ ಪ್ರಾಣಿಗೆ ಬೇಕಾದ ಕವಚವನ್ನು ಕೊಟ್ಟಿದೆ; ಅದರ ಪಾಲಿನ ತುತ್ತನ್ನು ಉಳಿಸುವ ಹೊಣೆ ಮಾನವನದು. ಆದರೆ ಆ ಹೊಣೆಯ ಭಾರವೆಲ್ಲ ಬಡ ಕುರುಬನೊಬ್ಬನ ಹೆಗಲ ಮೇಲೆಯೇ ಬೀಳದಂತೆ ನಾವು ನೋಡಿಕೊಳ್ಳಬೇಕು.