ಚಾರ್ಜು ಕೇಳದ ವಾಚು

ಬೆಳಗ್ಗೆ ಐದೂವರೆಗೆ ದಾವಣಗೆರೆಯ ಜಿಲ್ಲಾ ಕ್ರೀಡಾಂಗಣದಲ್ಲಿ ಶೂ ಲೇಸು ಬಿಗಿದು ಕೈ ನೋಡಿಕೊಂಡರೆ, ನನ್ನ ಸ್ಮಾರ್ಟ್‌ವಾಚು ಕಣ್ಣುಮುಚ್ಚಿ ಮಲಗಿತ್ತು. ರಾತ್ರಿ ಚಾರ್ಜಿಗೆ ಹಾಕಲು ಮರೆತಿದ್ದೆ. ಪಕ್ಕದಲ್ಲಿ ಓಡುತ್ತಿದ್ದ ಕಾಲೇಜು ಹುಡುಗನ ಕೈಯಲ್ಲಿ ಕ್ಯಾಸಿಯೊ ಎಫ್-91ಡಬ್ಲ್ಯು. 1989ರಲ್ಲಿ ಬಂದ ಮಾದರಿ; ಒಂದು ಸೆಲ್ಲಿಗೆ ಸುಮಾರು 7 ವರ್ಷ ಬಾಳಿಕೆ.

ಗುಟ್ಟು ಇಷ್ಟೇ. ಒಳಗೆ ಕವೆಯಾಕಾರದ ಪುಟ್ಟ ಕ್ವಾರ್ಟ್ಜ್ ಹರಳಿದೆ. ವಿದ್ಯುತ್ ಹರಿದರೆ ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಸಂಖ್ಯೆಯನ್ನು 15 ಸಲ ಅರ್ಧ ಮಾಡುತ್ತ ಹೋಗಿ, ಉಳಿಯುವುದು ಒಂದು. ವಾಚಿಗೆ ಅದೇ ಸೆಕೆಂಡು. ಪರದೆಯೂ ಜಿಪುಣ: ತಾನು ಬೆಳಗುವುದಿಲ್ಲ, ಮೇಲೆ ಬಿದ್ದ ಬೆಳಕಿನಲ್ಲೇ ಅಂಕಿ ಮೂಡಿಸುತ್ತದೆ. ಹಾಗಾಗಿ ನಮ್ಮೂರ ಏಪ್ರಿಲ್ ಬಿಸಿಲಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಸ್ಮಾರ್ಟ್‌ವಾಚಿನ ಬ್ಯಾಟರಿಯೋ, ಹೊಳೆಯುವ ಪರದೆ, ಬ್ಲೂಟೂತ್, ಜಿಪಿಎಸ್, ನಾಡಿ ನೋಡುವ ಹಸಿರು ದೀಪ, ಇಷ್ಟು ಮಂದಿಯ ಹೊಟ್ಟೆ ತುಂಬಿಸಬೇಕು.

ಟ್ರ್ಯಾಕಿನಲ್ಲಿ ಓಡುವವರಿಗೆ ಜಿಪಿಎಸ್ ಯಾಕೆ? ದೂರವನ್ನು ನೆಲವೇ ಅಳೆದು ಕೊಟ್ಟಿದೆ. 400 ಮೀಟರಿನ ಒಳಲೇನಿನಲ್ಲಿ ಹನ್ನೆರಡೂವರೆ ಸುತ್ತು ಹಾಕಿದರೆ 5,000 ಮೀಟರ್. ಬೇಕಾದದ್ದು ಸ್ಪ್ಲಿಟ್, ಅಂದರೆ ಓಟದ ನಡುವೆ ನೋಡಿಕೊಳ್ಳುವ ಹೊತ್ತು. ಎಫ್-91ಡಬ್ಲ್ಯುವಿನ ಸ್ಟಾಪ್‌ವಾಚಿನಲ್ಲಿ ಸುತ್ತು ಮುಗಿದಾಗ ಎಡಬದಿಯ ಮೇಲಿನ ಗುಂಡಿ ಒತ್ತಿ. ಅಂಕಿ ಅಲ್ಲೇ ನಿಲ್ಲುತ್ತದೆ, ಒಳಗೆ ಗಡಿಯಾರ ಓಡುತ್ತಲೇ ಇರುತ್ತದೆ. ಓದಿಕೊಂಡು ಮತ್ತೆ ಒತ್ತಿದರೆ ಅಂಕಿ ನೆಗೆದು ಓಟದ ಹೊತ್ತನ್ನು ಹಿಡಿಯುತ್ತದೆ. ತೋರಿಸುವುದು ಆರಂಭದಿಂದಿನ ಒಟ್ಟು ಸಮಯ, ಕಳೆಯುವ ಲೆಕ್ಕ ನಿಮ್ಮದು. ಏದುಸಿರಿನಲ್ಲಿ ಲೆಕ್ಕ ತಪ್ಪುತ್ತದೆ, ನನಗಂತೂ ಪ್ರತಿ ಸಲ. ಸುತ್ತುಗಳನ್ನು ನೆನಪಿಡುವ ಮಾದರಿಗೆ ಸ್ವಲ್ಪ ಹೆಚ್ಚು ದುಡ್ಡು ಕೊಟ್ಟರೆ ನಷ್ಟವಿಲ್ಲ. ತಿಂಗಳಿಗೆ 30 ಸೆಕೆಂಡು ಹಿಂದುಮುಂದಾದರೂ 25 ನಿಮಿಷದ ಓಟದಲ್ಲಿ ಅದು ಸೆಕೆಂಡಿನ ನೂರರಲ್ಲಿ ಎರಡು ಪಾಲೂ ಆಗದು. ಗುಂಡಿ ಒತ್ತುವ ಬೆರಳೇ ಅದಕ್ಕಿಂತ ನಿಧಾನ. ನಾಡಿಗೂ ಇದೇ ವಾಚು ಸಾಕು: 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ.

ಎಫ್-91ಡಬ್ಲ್ಯು ಎಲ್ಲರಿಗೂ ಒಗ್ಗದು. ಅದರ ಸ್ಟಾಪ್‌ವಾಚು ಒಂದು ಗಂಟೆಗೆ ಸೊನ್ನೆಗೆ ಮರಳುತ್ತದೆ. ಹರಿಹರದವರೆಗೆ ಸುಮಾರು 14 ಕಿ.ಮೀ. ಓಡುವ ನಮ್ಮಂಥವರಿಗೆ ಊರು ಸಿಗುವ ಮೊದಲೇ ಗಂಟೆ ದಾಟಿರುತ್ತದೆ. 24 ಗಂಟೆ ಎಣಿಸುವುದನ್ನು ಕೊಳ್ಳಿ. ಕಬಡ್ಡಿಯವರು ಕೆಳಮುಖ ಎಣಿಕೆಯ ಟೈಮರ್ ಇದೆಯೇ ನೋಡಲಿ; 30 ಸೆಕೆಂಡಿನ ರೈಡ್ ಅಭ್ಯಾಸಕ್ಕೆ ಅದೇ ಜೀವ. ದಿನಕ್ಕೊಂದು ಹೊಸ ದಾರಿ ಹಿಡಿದು ದೂರ ಅಳೆಯುವವರಿಗೆ ಮಾತ್ರ ಜಿಪಿಎಸ್ ಬೇಕೇ ಬೇಕು.

ಹರಿಹರದಲ್ಲಿ ಓಟ ಮುಗಿಸಿ ತುಂಗಭದ್ರೆಗಿಳಿದ ಗೆಳೆಯನ ವಾಚಿನ ಗಾಜಿನೊಳಗೆ ಮಧ್ಯಾಹ್ನಕ್ಕೆ ಮಂಜು ಕಟ್ಟಿತ್ತು. 30 ಮೀಟರ್ ಎಂದು ಬರೆದಿದ್ದರೆ ಅಷ್ಟು ಆಳಕ್ಕಿಳಿಯಬಹುದು ಎಂದಲ್ಲ, ಬೆವರು ಮತ್ತು ತುಂತುರು ಮಳೆ ತಡೆದೀತು ಎಂದಷ್ಟೇ. ಈಜಲು ಕನಿಷ್ಠ 50, ನೆಮ್ಮದಿ ಬೇಕೆಂದರೆ 100 ಮೀಟರಿನದು ಇರಲಿ. ನೀರೊಳಗೆ ಗುಂಡಿ ಮುಟ್ಟಬೇಡಿ. ಸೆಲ್ಲು ಬದಲಿಸುವಾಗ ಹಿಂಬದಿ ಮುಚ್ಚಳದ ರಬ್ಬರ್ ರಿಂಗು ಕೂದಲೆಳೆಯಷ್ಟು ಓರೆಯಾದರೂ ನೀರು ಒಳಗೆ. ರಿಪೇರಿಯವರು ಮುಚ್ಚಳ ಬಿಗಿಯುವ ಮುನ್ನ ಒಮ್ಮೆ ಬಗ್ಗಿ ನೋಡಿ.