ಮುತ್ತಜ್ಜ ಉಯಿಲು ಬರೆಯದಿದ್ದದ್ದು ಏಕೆ?

ಮನೆಯಲ್ಲಿ ಆಸ್ತಿ ಜಗಳ ಎದ್ದಾಗ ಯಾರಾದರೊಬ್ಬರು ಈ ಮಾತು ಎತ್ತಿಯೇ ಎತ್ತುತ್ತಾರೆ: "ಆಗೆಲ್ಲ ಹೀಗಿರಲಿಲ್ಲ. ಮುತ್ತಜ್ಜ ಸಾಯೋವಾಗ ಯಾರಿಗೆ ಯಾವ ಹೊಲ ಅಂತ ಹೇಳಿ ಕಣ್ಣು ಮುಚ್ಚಿದ, ಎಲ್ಲರೂ ತಲೆಬಾಗಿದರು." ಆ ಮುತ್ತಜ್ಜ 19ನೇ ಶತಮಾನದ ರೈತನಾಗಿದ್ದರೆ, ಹಾಗೆ ಹೇಳುವ ಅಧಿಕಾರ ಬಹುಮಟ್ಟಿಗೆ ಅವನಿಗೆ ಇರಲೇ ಇಲ್ಲ.

ಮೈಸೂರು, ಧಾರವಾಡ, ಬಳ್ಳಾರಿ ಸೀಮೆಯ ಹಿಂದೂ ರೈತ ಮನೆತನಗಳಿಗೆ ನ್ಯಾಯಾಲಯಗಳು ಅನ್ವಯಿಸುತ್ತಿದ್ದದ್ದು ಮಿತಾಕ್ಷರವೆಂಬ ಧರ್ಮಶಾಸ್ತ್ರ ಗ್ರಂಥದ ನಿಯಮ. ಅದರ ಪ್ರಕಾರ ಪಿತ್ರಾರ್ಜಿತ ಜಮೀನಿನಲ್ಲಿ ಗಂಡುಮಗನಿಗೆ ಹುಟ್ಟಿನಿಂದಲೇ ಹಕ್ಕು. ಅಪ್ಪ ಮನೆಯ ಯಜಮಾನ, ಜಮೀನಿನ ಒಡೆಯನಲ್ಲ. ಅವನು ತೀರಿಕೊಂಡರೆ ಕೂಡುಕುಟುಂಬದಲ್ಲಿದ್ದ ಅವನ ಪಾಲು ಉಳಿದ ಗಂಡಸರಲ್ಲಿ ತಾನಾಗಿ ಸೇರಿಹೋಗುತ್ತಿತ್ತು. ಉಯಿಲು ಬರೆದಿಟ್ಟರೂ ಆ ಹೊಲದ ಮಟ್ಟಿಗೆ ಅದು ನಿಲ್ಲುತ್ತಿರಲಿಲ್ಲ. ಸ್ವಯಾರ್ಜಿತವಾಗಿದ್ದರೆ ಮಾತ್ರ ತನ್ನ ಇಷ್ಟದಂತೆ ಬಿಟ್ಟುಹೋಗಬಹುದಿತ್ತು. 1870ರ ಹಿಂದೂ ಉಯಿಲು ಕಾಯ್ದೆ ಬಂಗಾಳಕ್ಕೆ, ಜೊತೆಗೆ ಮದ್ರಾಸ್ ಮತ್ತು ಮುಂಬೈ ನಗರಗಳಿಗೆ ಅನ್ವಯವಾಯಿತೇ ಹೊರತು ನಮ್ಮ ಹಳ್ಳಿಗಳ ಕಡೆ ಬರಲಿಲ್ಲ. ಹಾಗಾಗಿ ಉಯಿಲು ಬರೆಯದೆ ಸತ್ತ ಅಜ್ಜನನ್ನು ಹೊಣೆಗೇಡಿ ಎನ್ನುವುದು ಅನ್ಯಾಯ.

ಹಿರಿಯ ಮಗನಿಗೆ ಹೆಚ್ಚು ಪಾಲು ಎಂಬುದೂ ಸುಳ್ಳು. ಹಳೆಯ ಸ್ಮೃತಿಗಳಲ್ಲಿ ಹಿರಿಯನಿಗೆ ಹೆಚ್ಚುವರಿ ಭಾಗದ ಮಾತಿದೆ, ನಿಜ. ಆದರೆ ಲೋಕ ಒಪ್ಪದ ಪದ್ಧತಿಯೆಂದು ಮಿತಾಕ್ಷರವೇ ಅದನ್ನು ಕೈಬಿಟ್ಟಿದೆ. ಪಟೇಲಿಕೆಯಂಥ ವಂಶಪಾರಂಪರ್ಯದ ಹುದ್ದೆ ಹಿರಿಯನಿಗೆ ಹೋಗುತ್ತಿದ್ದದ್ದರಿಂದ ಈ ಗೊಂದಲ ಬೆಳೆದಿರಬಹುದು. ಇನ್ನು ಖಾತೆಯ ವಿಚಾರ. ಮುಂಬೈ ಪ್ರಾಂತ್ಯದಲ್ಲಿ 1865ರ ಸರ್ವೆ ಕಾಯ್ದೆ, ಮೈಸೂರಿನಲ್ಲಿ 1888ರ ಭೂಕಂದಾಯ ಸಂಹಿತೆ ಬಂದವು. ದಫ್ತರದಲ್ಲಿ ಒಬ್ಬನ ಹೆಸರು ಕೂತಿತು. ಕಂದಾಯ ಯಾರಿಂದ ವಸೂಲಿ ಮಾಡಬೇಕು ಎಂಬುದಕ್ಕೆ ಅದು ಉತ್ತರ, ಅಷ್ಟೇ. ಅಣ್ಣನ ಹೆಸರಲ್ಲಿ ಖಾತೆ ಇದ್ದಮಾತ್ರಕ್ಕೆ ತಮ್ಮಂದಿರ ಪಾಲು ಕರಗುತ್ತಿರಲಿಲ್ಲ. ಈಗಲೂ ಕರಗುವುದಿಲ್ಲ.

ಎಲ್ಲಕ್ಕಿಂತ ಆಳವಾಗಿ ಬೇರೂರಿರುವ ತಪ್ಪು ಹೆಣ್ಣಿನ ಕುರಿತದ್ದು. "ಶಾಸ್ತ್ರದಲ್ಲೇ ಹೆಣ್ಣಿಗೆ ಪಾಲಿಲ್ಲ" ಎಂದು ಎಷ್ಟು ಮಂದಿ ಎಷ್ಟು ಧೈರ್ಯದಿಂದ ಹೇಳುತ್ತಾರೆ! ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರ ನಮ್ಮವನೇ, ಕಲ್ಯಾಣದಲ್ಲಿ ಆರನೇ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಮಕ್ಕಳು ಪಾಲಾದಾಗ ತಾಯಿಗೂ ಸಮಪಾಲು ಎಂದವನು ಅವನು. ಮದುವೆಯಾಗದ ತಂಗಿಗೆ ಸೋದರನ ಪಾಲಿನ ಕಾಲುಭಾಗ ಕೊಡಬೇಕು, ಬರೀ ಮದುವೆ ಖರ್ಚು ಕೊಟ್ಟು ಕೈತೊಳೆದುಕೊಂಡರೆ ಸಾಲದು ಎಂದು ವಾದಿಸಿದವನೂ ಅವನೇ. ಹೆಣ್ಣಿಗೆ ವಾರಸಿನಿಂದ, ಪಾಲಿನಿಂದ ಬಂದದ್ದನ್ನೂ ಅವನು ಸ್ತ್ರೀಧನದಲ್ಲಿ ಸೇರಿಸಿದ್ದ.

ಹಾಗಾದರೆ ಆ ಪಾಲು ಎಲ್ಲಿ ಹೋಯಿತು? ಮದ್ರಾಸ್ ಕಡೆ ತಾಯಿಯ ಸಮಪಾಲು ಬಳಕೆ ತಪ್ಪಿದೆ ಎಂದಾಯಿತು. ಅವಳಿಗೆ ಉಳಿದದ್ದು ಜೀವನಾಂಶ. ಮುಂಬೈ ಕಡೆ ಮಾತ್ರ ಪಾಲು ಉಳಿಯಿತು. ಗಂಡನಿಂದ ಬಂದ ಆಸ್ತಿ ವಿಧವೆಯ ಸ್ತ್ರೀಧನವಲ್ಲ, ಅವಳ ಕಾಲಾನಂತರ ಗಂಡನ ವಾರಸುದಾರರಿಗೇ ಮರಳಬೇಕು ಎಂದು ಲಂಡನ್ನಿನ ಪ್ರಿವಿ ಕೌನ್ಸಿಲ್ 1860ರ ದಶಕದಲ್ಲಿ ತೀರ್ಮಾನಿಸಿತು. ಗ್ರಂಥ ಕೊಟ್ಟದ್ದನ್ನು ಕಿತ್ತುಕೊಂಡದ್ದು ರೂಢಿ ಮತ್ತು ಕೋರ್ಟು. ಬೈಗುಳ ಮಾತ್ರ ಗ್ರಂಥದ ಪಾಲಿಗೆ.

ರೈತನ ಕೈಯಲ್ಲಿ ಉಳಿದಿದ್ದ ದಾರಿಗಳು ಕೆಲವೇ. ಮಗಳ ಮದುವೆಯಲ್ಲಿ ಅರಿಶಿನ ಕುಂಕುಮಕ್ಕೆಂದು ಒಂದು ತುಂಡು ಹೊಲ ಬಿಟ್ಟುಕೊಡಬಹುದಿತ್ತು. ಕುಟುಂಬದ ಆಸ್ತಿಗೆ ಹೋಲಿಸಿದರೆ ಅದು ಮಿತವಾಗಿದ್ದಲ್ಲಿ ಕೋರ್ಟೂ ಎತ್ತಿಹಿಡಿಯುತ್ತಿತ್ತು. ಗಂಡುಮಕ್ಕಳಿಲ್ಲದವನು ದತ್ತು ತೆಗೆದುಕೊಳ್ಳಬಹುದಿತ್ತು, ಇಲ್ಲವೇ ಹೆಂಡತಿಗೆ ದತ್ತಿನ ಅನುಮತಿ ಕೊಟ್ಟು ಹೋಗಬಹುದಿತ್ತು. ಇವೆಲ್ಲಕ್ಕಿಂತ ಗಟ್ಟಿಯಾದದ್ದು, ತಾನು ಬದುಕಿರುವಾಗಲೇ ಪಾಲು ಮಾಡಿಬಿಡುವುದು. ಹಿರಿಯರು ಜಗಲಿಯಲ್ಲಿ ಕೂತು, ಹೊಲಗಳನ್ನು ಎರೆ, ಮಸಬು ಎಂದು ತೂಗಿನೋಡಿ, ಎತ್ತು, ನೇಗಿಲು, ತಾಮ್ರದ ಹಂಡೆ, ಕೊಪ್ಪರಿಗೆಗಳನ್ನು ಎಣಿಸಿ, ಚೀಟಿ ಎತ್ತಿಸಿ, ಶಾನುಭೋಗನಿಂದಲೋ ಕುಲಕರ್ಣಿಯಿಂದಲೋ ಪಾಲುಪಟ್ಟಿ ಬರೆಸುವುದು. ಅದರಲ್ಲಿ ತಾಯಿಯ ಸಾಲು ಒಂದು ಇದೆಯೇ ಎಂಬುದರ ಮೇಲೆ ಅವಳ ಉಳಿದ ಆಯುಷ್ಯ ನಿಂತಿರುತ್ತಿತ್ತು. ವರ್ಷಕ್ಕೆ ಇಷ್ಟು ಜೋಳ ಅಥವಾ ರಾಗಿ, ಇಷ್ಟು ಸೀರೆ, ಇರಲು ಈ ಕೋಣೆ, ಇದಕ್ಕೆ ಇಂಥ ಹೊಲ ಆಧಾರ ಎಂದು ಬರೆದಿದ್ದರೆ ಹೊಲದ ಮೇಲೆ ಬೋಜಾ, ಅಂದರೆ ಋಣಭಾರ, ಕೂರುತ್ತಿತ್ತು. ಬರೆಯದಿದ್ದರೆ ಅವಳ ಹಕ್ಕು ಇದ್ದರೂ ಹಿಡಿತ ಸಡಿಲ; ಮಗ ಹೊಲ ಮಾರಿಬಿಟ್ಟರೆ ಕೊಂಡವನ ಬೆನ್ನು ಹತ್ತುವುದು ಕಷ್ಟ.

ಒಂದು ವ್ಯತ್ಯಾಸವನ್ನು ಮರೆಯಬಾರದು. ಗಂಡ ಮೊದಲೇ ಅಣ್ಣತಮ್ಮಂದಿರಿಂದ ಬೇರೆಯಾಗಿ, ಗಂಡುಮಕ್ಕಳಿಲ್ಲದೆ ತೀರಿಕೊಂಡಿದ್ದರೆ ಇಡೀ ಹೊಲ ಹೆಂಡತಿಗೇ ಬರುತ್ತಿತ್ತು, ಅವಳ ನಂತರ ಹೆಣ್ಣುಮಕ್ಕಳಿಗೆ. ಕೂಡಿದ್ದಾಗ ಸತ್ತರೆ ಅದೇ ಹೆಂಡತಿಗೆ ಅನ್ನ ಬಟ್ಟೆ ಮಾತ್ರ. ಒಂದೇ ಊರಿನ ಇಬ್ಬರು ವಿಧವೆಯರ ಪಾಡು ಹೀಗೆ ಅಜಗಜಾಂತರವಾಗುತ್ತಿತ್ತು.

ಆಗ ವಿಧವೆಯರು ಮರುಮದುವೆ ಆಗುತ್ತಿರಲಿಲ್ಲ ಎಂಬುದೂ ಮೇಲುಜಾತಿಯ ರೂಢಿಯನ್ನು ಎಲ್ಲರ ಮೇಲೂ ಹೇರಿದ ಮಾತು. ಬೇಸಾಯದ ಹಲವು ಸಮುದಾಯಗಳಲ್ಲಿ ಉಡಿಕೆ, ಕೂಡಿಕೆ ಎಂಬ ಮರುಮದುವೆಗಳು ನಡೆದೇ ಇದ್ದವು. ವಿಪರ್ಯಾಸವೆಂದರೆ, ವಿಧವೆಯರ ಉಪಕಾರಕ್ಕೆಂದು ಬಂದ 1856ರ ಮರುವಿವಾಹ ಕಾಯ್ದೆಯಲ್ಲೇ ಮರುಮದುವೆಯಾದವಳು ಮೊದಲ ಗಂಡನ ಆಸ್ತಿ ಬಿಡಬೇಕೆಂಬ ಕಲಮು ಇತ್ತು. ಹಿಂದಿನಿಂದ ಉಡಿಕೆ ಇದ್ದ ಜಾತಿಗಳ ಹೆಂಗಸರೂ ಆಸ್ತಿ ಬಿಡಲೇಬೇಕು ಎಂದೇ ಮುಂಬೈ, ಮದ್ರಾಸ್ ಹೈಕೋರ್ಟುಗಳು ಹೇಳಿದವು.

ಕರಾವಳಿಯ ಅಳಿಯಸಂತಾನದ ಮನೆಗಳಲ್ಲಿ ಲೆಕ್ಕವೇ ಬೇರೆಯಾಗಿತ್ತು. ಕುಟುಂಬದ ಆಸ್ತಿ ತಾಯಿಯ ವಂಶದಲ್ಲಿ ಹರಿಯುತ್ತಿದ್ದುದರಿಂದ, ಅಪ್ಪ ಸತ್ತರೆ ಅವನ ಸ್ವಂತ ಮಕ್ಕಳು ಅವನ ಕುಟುಂಬದ ಗದ್ದೆಗೆ ವಾರಸುದಾರರಾಗುತ್ತಿರಲಿಲ್ಲ. ಅವರಿಗೆ ತಮ್ಮ ತಾಯಿಯ ಮನೆಯೇ ಆಸರೆಯಾಗಿತ್ತು.

ಇನ್ನು ಸಾಲ. ಅಪ್ಪನ ಸಾಲ ತೀರಿಸುವುದು ಮಗನ ಧರ್ಮವೆಂಬುದು ಸರಿ, ಆದರೆ ಮಗನ ಸ್ವಂತ ದುಡಿಮೆಯನ್ನೂ ಸಾಹುಕಾರ ಬಳಿದುಕೊಂಡು ಹೋಗಬಹುದಿತ್ತು ಎಂಬುದು ಎಲ್ಲ ಕಾಲಕ್ಕೂ ನಿಜವಲ್ಲ. ಅಪ್ಪನಿಂದ ಕೈಸೇರಿದ ಆಸ್ತಿಯಷ್ಟಕ್ಕೇ ಮಗ ಹೊಣೆ ಎಂದು ಮುಂಬೈ ಪ್ರಾಂತ್ಯ 1866ರಲ್ಲೇ ಕಾಯ್ದೆ ಮಾಡಿತು. ಧಾರವಾಡ, ಬೆಳಗಾವಿ, ಬಿಜಾಪುರದ ರೈತರಿಗೆ ಇದರ ರಕ್ಷಣೆ ಇತ್ತು. ಜೂಜು, ಕುಡಿತಕ್ಕೆ ಮಾಡಿದ ಸಾಲಕ್ಕಂತೂ ಶಾಸ್ತ್ರವೇ ಮಗನನ್ನು ಹೊಣೆ ಮಾಡಿರಲಿಲ್ಲ.

ಹೆಣ್ಣುಮಕ್ಕಳ ಪಾಲು ಕಾಯ್ದೆಯೊಳಗೆ ಬಂದದ್ದು ಮುಂದಿನ ಶತಮಾನದಲ್ಲಿ. ಮೈಸೂರು ಸಂಸ್ಥಾನ 1933ರಲ್ಲಿ ಮಹಿಳೆಯರ ಹಕ್ಕುಗಳ ಕಾಯ್ದೆ ತಂದು, ಪಾಲಿನ ಹೊತ್ತಿನಲ್ಲಿ ತಾಯಿ, ವಿಧವೆ, ಮದುವೆಯಾಗದ ಮಗಳು ಇವರನ್ನೂ ಹಕ್ಕುದಾರರನ್ನಾಗಿಸಿತು. ಮಗಳಿಗೆ ಅದು ಗೊತ್ತುಮಾಡಿದ್ದು ಸೋದರನ ಪಾಲಿನ ಕಾಲುಭಾಗ. ಬ್ರಿಟಿಷ್ ಪ್ರಾಂತ್ಯಗಳಲ್ಲಿದ್ದ ಕನ್ನಡದ ಹೆಂಗಸರು ಇನ್ನೂ ಕಾಯಬೇಕಾಯಿತು. ಅಲ್ಲಿ ವಿಧವೆಯರಿಗೆಂದು ಬಂದ 1937ರ ಕಾಯ್ದೆ ಬೇಸಾಯದ ಭೂಮಿಗೆ ಅನ್ವಯಿಸುವುದಿಲ್ಲ ಎಂದು ಫೆಡರಲ್ ಕೋರ್ಟ್ 1941ರಲ್ಲಿ ಹೇಳಿತು. ಹೊಲದ ಮೇಲಿನ ಹಕ್ಕಿಗೆ ಪ್ರಾಂತ್ಯಗಳು ಬೇರೆಯಾಗಿ ಕಾಯ್ದೆ ಮಾಡಬೇಕಾಯಿತು.