ಏಜಂಟರ ಕಪ್ಪುಪಟ್ಟಿಯಲ್ಲಿ ಯಾರ ದೂರು ಇರಬೇಕು?

ಮುಂಬಯಿಯಲ್ಲಿ ನಾಲ್ಕು ಮಂದಿ ಹೋಟೇಲು ಮಾಲಕರು ಸೇರಿದರೆ ಮೊದಲು ಗ್ಯಾಸಿನ ದರದ ಮಾತು, ಆಮೇಲೆ ಕೆಲಸದವರ ಮಾತು. ಕೆಲಸದವರ ಮಾತು ಬಂತೆಂದರೆ ಏಜಂಟರ ಮಾತು ಬಂದಂತೆಯೇ. ಹುಡುಗರನ್ನು ತಂದು ಬಿಟ್ಟು ತಲೆಗಿಷ್ಟೆಂದು ಎಣಿಸಿಕೊಂಡು ಹೋದವನ ಫೋನು ಮರುದಿನದಿಂದ ಬಂದ್. ಹುಡುಗ ಹದಿನೈದು ದಿನ ಮೋರಿಯಲ್ಲಿ ತಟ್ಟೆ ತೊಳೆದು ಹದಿನಾರನೆಯ ದಿನ ನಾಪತ್ತೆ. "ಇಂಥವರ ಹೆಸರನ್ನೆಲ್ಲ ಪಟ್ಟಿ ಮಾಡಿ ಹಂಚಿಬಿಡಿ, ಯಾರೂ ಅವರಿಂದ ಜನ ತೆಗೆದುಕೊಳ್ಳುವುದು ಬೇಡ" ಎಂಬ ಸಲಹೆ ಹೋಟೇಲಿಗರಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದೆ. ಮದುವೆ ಸೀಸನ್ನಿನಲ್ಲಿ ಎರಡೇ ದಿನದ ಕೆಲಸಕ್ಕೆ ಮೂವತ್ತು ನಲವತ್ತು ಕೈಗಳನ್ನು ಹುಡುಕುವ ಕ್ಯಾಟರಿಂಗ್ ಕಂತ್ರಾಟುದಾರರಂತೂ ಇದನ್ನು ಇನ್ನೂ ಗಟ್ಟಿಯಾಗಿ ಹೇಳುತ್ತಾರೆ.

ಪಟ್ಟಿ ಬೇಕು ಎಂಬುದು ನಮ್ಮ ಅಭಿಪ್ರಾಯವೂ ಹೌದು. ಆದರೆ ಈಗ ಕೇಳಿಬರುತ್ತಿರುವಂಥ ಪಟ್ಟಿಯಲ್ಲ.

ಮಾಟುಂಗದಲ್ಲಿ ಎ. ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ನಡೆಸತೊಡಗಿದ ಕಾಲದಲ್ಲಿ ನಮ್ಮವರಿಗೆ ಏಜಂಟರು ಬೇಕಿರಲಿಲ್ಲ. ಉಡುಪಿ, ಕುಂದಾಪುರ, ಕಾರ್ಕಳದ ಕಡೆಯಿಂದ ಹುಡುಗ ಬರುತ್ತಿದ್ದುದು ಮಾವನ ಜೊತೆ, ನೆರೆಮನೆಯವರ ಜೊತೆ, ಇಲ್ಲವೇ ಒಂದು ಪರಿಚಯದ ಕಾಗದ ಹಿಡಿದು. ಹುಡುಗ ಓಡಿಹೋದರೆ ಸುದ್ದಿ ಊರಿಗೆ ಮುಟ್ಟುತ್ತಿತ್ತು. ಮಾಲಕ ಪಗಾರ ಕೊಡದಿದ್ದರೂ ಮುಟ್ಟುತ್ತಿತ್ತು. ಹಗಲು ಕಪ್ಪು ಬಸಿ ತೊಳೆದು ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗಿ ಮುಂದೆ ತಾವೇ ಹೋಟೇಲು ಹಾಕಿದವರು ನಮ್ಮ ನಡುವೆ ಬೇಕಾದಷ್ಟು ಮಂದಿ ಇದ್ದಾರೆ. (ಆ ಕಾಲದಲ್ಲಿ ಹುಡುಗನ ವಯಸ್ಸನ್ನು ಯಾರೂ ಕೇಳುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. ಹಳೆಯದೆಲ್ಲ ಚಿನ್ನವಲ್ಲ.)

ಊರಿನ ಮಕ್ಕಳು ಕಾಲೇಜು ಕಲಿತರು, ಗಲ್ಫಿಗೆ ಹೋದರು, ಬೆಂಗಳೂರಿಗೆ ಹೋದರು. ಇಂದು ನಮ್ಮ ಅಡಿಗೆಮನೆಗಳಲ್ಲಿ ದೋಸೆ ಹುಯ್ಯುವ ಕೈ ಉತ್ತರ ಪ್ರದೇಶದ್ದು, ಬಿಹಾರದ್ದು, ಜಾರ್ಖಂಡದ್ದು, ಒಡಿಶಾದ್ದು, ನೇಪಾಳದ್ದು. ಗೋರಖಪುರದಿಂದ ಕುಶೀನಗರ ಎಕ್ಸ್‌ಪ್ರೆಸ್ಸಿನಲ್ಲಿ ಬಂದು ಕುರ್ಲಾ ಟರ್ಮಿನಸ್ಸಿನಲ್ಲಿ ಇಳಿಯುವ ಹುಡುಗನ ಮನೆಯವರನ್ನು ನಾವು ಕಂಡಿಲ್ಲ, ಅವರು ನಮ್ಮನ್ನು ಕಂಡಿಲ್ಲ. ಈ ತೆರಪಿನಲ್ಲಿಯೇ ಏಜಂಟ ನಿಂತಿರುವುದು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ, ಮೇ ತಿಂಗಳಲ್ಲಿ ಶ್ರಮಿಕ ರೈಲುಗಳಲ್ಲಿ ಜನ ಊರಿಗೆ ಹೋದರು. ಅಕ್ಟೋಬರ 5ರಂದು ಮಹಾರಾಷ್ಟ್ರದಲ್ಲಿ ಗಿರಾಕಿಗಳನ್ನು ಒಳಗೆ ಕುಳ್ಳಿರಿಸಲು ಅನುಮತಿ ಸಿಕ್ಕಾಗ ಬಾಗಿಲು ತೆರೆದವರಿಗೆ ಬಡಿಸುವವರೇ ಇರಲಿಲ್ಲ. ಅಂದು ಏಜಂಟ ಕೇಳಿದ್ದೇ ದರ. ಆ ಅಭ್ಯಾಸ ಅವನಿಗೂ ಬಿಟ್ಟಿಲ್ಲ, ನಮಗೂ ಬಿಟ್ಟಿಲ್ಲ.

ಈ ದಂಧೆ ನಡೆಯುವ ಬಗೆ ಎಲ್ಲರಿಗೂ ಗೊತ್ತಿದ್ದದ್ದೇ. ಕೆಟ್ಟ ಏಜಂಟ ಮಾಲಕನಿಂದ ಕಮಿಶನ್ ಪಡೆಯುತ್ತಾನೆ, ಟಿಕೇಟಿನ ಹೆಸರಿನಲ್ಲಿ ಹುಡುಗನಿಂದಲೂ ಪಡೆಯುತ್ತಾನೆ. ತಿಂಗಳು ತುಂಬುವ ಮೊದಲು ಹುಡುಗನಿಗೆ ಫೋನು ಮಾಡಿ, ಐನೂರು ಹೆಚ್ಚು ಕೊಡಿಸುತ್ತೇನೆಂದು ಅಂಧೇರಿಯವನನ್ನು ಠಾಣೆಗೆ ಒಯ್ದು ಅಲ್ಲಿ ಮತ್ತೊಮ್ಮೆ ಕಮಿಶನ್ ಎಣಿಸುತ್ತಾನೆ. ನಾವು 'ಹುಡುಗ ಓಡಿಹೋದ' ಎನ್ನುತ್ತೇವೆ. ಅಷ್ಟಕ್ಕೂ ಠಾಣೆಯಲ್ಲಿ ಆ ಕಮಿಶನ್ ಕೊಟ್ಟವರು ಯಾರು? ನಮ್ಮವರೇ ಇನ್ನೊಬ್ಬರು.

ಈಗ ಮಾಲಕರು ಹೇಳುವ ದೂರುಗಳನ್ನು ಬರೆದುಕೊಂಡು ನೋಡಿ. ಹುಡುಗ ಓಡಿದ, ಮುಂಗಡ ಮುಳುಗಿತು, ಅಡಿಗೆ ಬರುತ್ತದೆಂದು ತಂದವನಿಗೆ ಈರುಳ್ಳಿ ಹೆಚ್ಚಲೂ ಬಾರದು. ಎಲ್ಲವೂ ನಮ್ಮ ಗಲ್ಲೆಯ ದೂರುಗಳು. ಹುಡುಗನಿಗೆ ಊರಿನಲ್ಲಿ ಹೇಳಿದ ಪಗಾರ ಎಷ್ಟು, ಅವನು ಏಜಂಟನಿಗೆ ಕೊಟ್ಟದ್ದೆಷ್ಟು, ಅವನ ಆಧಾರ್ ಕಾರ್ಡು ಯಾರ ಕಿಸೆಯಲ್ಲಿದೆ ಎಂಬ ವಿಚಾರ ಒಂದರಲ್ಲೂ ಇಲ್ಲ. ನಿಜವಾಗಿ ನಮ್ಮನ್ನು ಕೋರ್ಟಿನವರೆಗೆ ಒಯ್ಯಬಲ್ಲದ್ದು ಈ ವಿಚಾರಗಳೇ.

1982ರ ಏಷ್ಯಾಡ್ ಪ್ರಕರಣ ಹಳೆಯದಾದರೂ ನಮಗೆ ಪಾಠವಾಗಬೇಕಾದದ್ದು. ದಿಲ್ಲಿಯಲ್ಲಿ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕೆಲಸದಲ್ಲಿ ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಕಂತ್ರಾಟುದಾರರು ಹಣವನ್ನು ಜಮಾದಾರರ ಕೈಗೆ ಕೊಡುತ್ತಿದ್ದರು, ಜಮಾದಾರ ತಲೆಗೆ ಒಂದು ರೂಪಾಯಿ ಮುರಿದು 8 ರೂಪಾಯಿ 25 ಪೈಸೆ ಕೊಡುತ್ತಿದ್ದ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಬಲಾತ್ಕಾರದ ದುಡಿಮೆಗೆ ಸಮ ಎಂದ ಸುಪ್ರೀಂ ಕೋರ್ಟು, ಇವರು ಕಂತ್ರಾಟುದಾರನ ಆಳುಗಳೆಂದು ಹೇಳಿ ಕೆಲಸ ಮಾಡಿಸಿದ ಸರಕಾರವೂ ಜಾರಿಕೊಳ್ಳುವಂತಿಲ್ಲ ಎಂದಿತು. ಅಂದಿನ ಜಮಾದಾರನೇ ಇಂದಿನ ಏಜಂಟ. "ಹುಡುಗರ ಪಗಾರ ನನ್ನ ಕೈಗೆ ಕೊಡಿ ಸೇಠ್, ನಾನು ಮನೆಗೆ ಕಳಿಸುತ್ತೇನೆ" ಎನ್ನುವವನ ಹೆಸರು ಪಟ್ಟಿಯ ಮೊದಲ ಸಾಲಿನಲ್ಲಿರಲಿ.

ಮುಂಗಡದ ವಿಷಯವೂ ಹಾಗೆಯೇ. ಏಜಂಟನಿಗೆ ಕೊಟ್ಟ ಹಣ ತೀರುವವರೆಗೆ ಹುಡುಗ ಬಿಟ್ಟು ಹೋಗಬಾರದೆಂದು ಕಾಗದಪತ್ರ ಹಿಡಿದಿಟ್ಟರೆ ಅದು 1976ರ ಜೀತ ನಿರ್ಮೂಲನ ಕಾಯಿದೆಗೆ ಬೀಳುತ್ತದೆ, ಮೂರು ವರ್ಷದವರೆಗೆ ಜೈಲು. 2006ರ ಅಕ್ಟೋಬರ 10ರಿಂದ ಹೋಟೇಲು, ಧಾಬಾಗಳಲ್ಲಿ 14 ವರ್ಷದ ಕೆಳಗಿನ ಮಕ್ಕಳ ದುಡಿಮೆಗೆ ನಿಷೇಧ ಬಂತು. 2016ರ ತಿದ್ದುಪಡಿಯ ಮೇಲೆ ಶಿಕ್ಷೆ ಆರು ತಿಂಗಳಿಂದ ಎರಡು ವರ್ಷ, ಇಲ್ಲವೇ 20,000ದಿಂದ 50,000 ರೂಪಾಯಿ ದಂಡ, ಇಲ್ಲವೇ ಎರಡೂ. ಏಜಂಟ ತಂದ ಜೆರಾಕ್ಸಿನಲ್ಲಿ ಹದಿನೆಂಟು ಎಂದಿರಬಹುದು. ದಾಳಿಯ ದಿನ ಗಲ್ಲೆಯಲ್ಲಿ ಕುಳಿತಿರುವವರು ಮಾತ್ರ ನಾವು.

ಇನ್ನು ಪಟ್ಟಿ ಮಾಡುವ ಬಗೆ. ವಾಟ್ಸಾಪಿನಲ್ಲಿ ಫೋಟೋ ಹಾಕಿ 'ಫ್ರಾಡ್' ಎಂದು ಬರೆಯುವುದು ಸುಲಭ, ಮಾನನಷ್ಟದ ನೋಟೀಸು ಬರುವುದೂ ಅಷ್ಟೇ ಸುಲಭ. ಅದಕ್ಕಿಂತ ಮುಖ್ಯ ವಿಷಯ 2002ರ ಸ್ಪರ್ಧಾ ಕಾಯಿದೆ. ತನ್ನ ಒಪ್ಪಿಗೆ ಪತ್ರವಿಲ್ಲದೆ ಔಷಧ ವಿತರಕರನ್ನು ನೇಮಿಸಬಾರದೆಂದು ಕಟ್ಟು ಹಾಕಿದ್ದ ಔಷಧ ವ್ಯಾಪಾರಿಗಳ ಅಖಿಲ ಭಾರತ ಸಂಘಟನೆಗೆ ಸ್ಪರ್ಧಾ ಆಯೋಗ 2013ರಲ್ಲಿ ದಂಡ ಹಾಕಿದೆ. 'ಇವನೊಡನೆ ಯಾರೂ ವ್ಯವಹರಿಸಬಾರದು' ಎಂದು ಸಂಘದ ಹೆಸರಿನಲ್ಲಿ ಅಪ್ಪಣೆ ಹೊರಡಿಸಿದರೆ ನಮಗೂ ಅದೇ ಪ್ರಶ್ನೆ ಬಂದೀತು. ಆದ್ದರಿಂದ ಬಹಿಷ್ಕಾರ ಬೇಡ, ದಾಖಲೆ ಇರಲಿ: ಇಂಥ ತಾರೀಕಿಗೆ ಇಂಥ ಲಿಖಿತ ದೂರು ಬಂತು, ಏಜಂಟನಿಗೆ ಕಾಗದ ಬರೆದು ಕೇಳಲಾಯಿತು, ಅವನ ಉತ್ತರ ಇದು, ಅಥವಾ ಉತ್ತರ ಬರಲಿಲ್ಲ. ಓದಿದ ಮಾಲಕರು ಅವರವರ ತೀರ್ಮಾನ ಮಾಡಲಿ. ಹಣ ಹಿಂದಿರುಗಿಸಿ ಸರಿಮಾಡಿದವನ ಹೆಸರು ತೆಗೆಯುವುದಕ್ಕೂ ದಾರಿ ಇರಲಿ.

ಗಲ್ಫಿಗೆ ಜನ ಕಳಿಸುವ ಏಜಂಟನಿಗೆ 1983ರ ವಲಸೆ ಕಾಯಿದೆಯಂತೆ ನೋಂದಣಿ ಬೇಕು, ನೋಂದಣಿ ಇಲ್ಲದವರ ಹೆಸರನ್ನು ವಿದೇಶಾಂಗ ಇಲಾಖೆಯೇ ಪ್ರಕಟಿಸುತ್ತದೆ. ದೇಶದೊಳಗೆ ಹೀಗಿಲ್ಲ. ಹೊರರಾಜ್ಯದ ಕಾರ್ಮಿಕರನ್ನು ತರುವ ಕಂತ್ರಾಟುದಾರನಿಗೆ ಲೈಸನ್ಸು ಬೇಕೆಂದು 1979ರ ಕಾಯಿದೆ ಹೇಳಿತ್ತು. ಅದರ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತೆ ಸಂಹಿತೆ 2025ರ ನವೆಂಬರ 21ರಿಂದ ಜಾರಿಗೆ ಬಂದಿದೆ. ಆದರೆ ರೈಲ್ವೆ ಸ್ಟೇಶನ್ನಿನಿಂದ ನಾಲ್ಕು ಹುಡುಗರನ್ನು ರಿಕ್ಷಾದಲ್ಲಿ ತಂದು ಬಿಡುವವನು ತನ್ನನ್ನು ಕಂತ್ರಾಟುದಾರನೆಂದು ಎಂದೂ ಒಪ್ಪುವುದಿಲ್ಲ.

ಒಂದು ವೇಳೆ ಏಜಂಟರೂ ಕೂಡಿಕೊಂಡು ಪಗಾರ ಹಿಡಿದಿಟ್ಟ, ಹುಡುಗರನ್ನು ಭಟ್ಟಿಯ ಮೇಲಿನ ಅಟ್ಟದಲ್ಲಿ ಮಲಗಿಸುವ ಹೋಟೇಲುಗಳ ಪಟ್ಟಿ ಮಾಡಿದರೆ? ಕೆಲವು ಬೋರ್ಡುಗಳು ಅದರಲ್ಲಿ ಖಂಡಿತ ಇರುತ್ತವೆ. ನಮ್ಮ ಪಟ್ಟಿಯನ್ನು ಹೊರಗಿನವರು ನಂಬಬೇಕಾದರೆ ಏಜಂಟನಿಗೆ ದುಡ್ಡು ಕೊಟ್ಟು ಪಕ್ಕದ ಹೋಟೇಲಿನ ಹುಡುಗನನ್ನು ಎಳೆದುಕೊಂಡ ಮಾಲಕನ ಮೇಲಿನ ದೂರನ್ನೂ ಅದೇ ಪುಸ್ತಕದಲ್ಲಿ ಬರೆಯಬೇಕಾಗುತ್ತದೆ.

ಏಜಂಟರ ಮೇಲೆ ದೂರು ಕೊಡುವ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಹಣ ಕೊಟ್ಟ ಚೀಟಿಯ ಜೊತೆಗೆ ಹುಡುಗನ ಹೇಳಿಕೆಯೂ ಇರಲಿ. ಏಜಂಟ ಎದುರಿಗಿಲ್ಲದಾಗ, ಮ್ಯಾನೇಜರೂ ಪಕ್ಕದಲ್ಲಿಲ್ಲದಾಗ, ಹಿಂದಿಯಲ್ಲೋ ಅವನ ಭೋಜಪುರಿಯಲ್ಲೋ ಕೇಳಿ ಬರೆದುಕೊಳ್ಳಿ. ಹುಡುಗ ಈಗಾಗಲೇ ಹೋಗಿಬಿಟ್ಟಿದ್ದರೆ ಅವನ ಊರಿನ ಫೋನ್ ನಂಬರು ಹೋಟೇಲಿನ ರಿಜಿಸ್ಟರಿನಲ್ಲಿದೆಯೇ ನೋಡಿ.